ಡೋಲಿ ಹೊತ್ತವನ ಹೊಣೆ

"ಕೇಳ್ರಪ್ಪೋ ಕೇಳ್ರಿ. ಕಲ್ಲೂರು ದೊರೆಯ ಅಪ್ಪಣೆ. ಇವತ್ತಿನಿಂದ ನಾಡಿನಲ್ಲಿ ಡೋಲಿ ಏಳಕೂಡದು. ಕಾಯಿಲೆಯವರು ಹೆಗಲ ಮೇಲೆ ಸತ್ತರೆ ಹೊತ್ತವನ ಕೈ ಕಡಿಯಲಾಗುವುದು. ದೊರೆ ಮೂರು ಒಗಟು ಇಟ್ಟಿದ್ದಾರೆ. ಮೂರನ್ನೂ ಬಿಡಿಸಿದವನು ಕೇಳಿದ್ದು ಕೊಡುತ್ತಾರೆ. ತಪ್ಪಿದವನ ತಲೆ ಉಳಿಯದು."

ತಮಟೆಯವನು ಹೀಗೆ ಸಾರಿಕೊಂಡು ಹೋದ.

ದೊರೆಯ ರಾಣಿ ವೈದ್ಯನ ಮನೆಗೆ ಹೋಗುವಾಗ ಡೋಲಿಯಲ್ಲೇ ತೀರಿಕೊಂಡಿದ್ದಳು. ಹೊತ್ತಿದ್ದ ನಾಲ್ವರು ಬೋಯಿಗಳನ್ನು ದೊರೆ ಅಂದೇ ಗಲ್ಲಿಗೆ ಹಾಕಿಸಿದ. ಆಮೇಲೂ ಅವನಿಗೆ ನಿದ್ದೆ ಹತ್ತಲಿಲ್ಲ. ತಪ್ಪು ಯಾರದು, ಯಾರದು ಎಂದು ತನ್ನನ್ನೇ ಕೇಳಿ ಕೇಳಿ, ಕೊನೆಗೆ ಅದನ್ನೇ ಒಗಟು ಮಾಡಿ ನಾಡಿನ ಮುಂದೆ ಇಟ್ಟ.

ಡೋಲಿ ಹೊರುವ ಬೋಯಿಗಳ ಕೇರಿಯಲ್ಲಿ ಡೋಲಿಗಳು ಗೋಡೆಗೆ ಒರಗಿದವು. ಕೋಳಿಗಳು ಅವುಗಳಲ್ಲಿ ಮೊಟ್ಟೆ ಇಟ್ಟವು. ಆ ಕೇರಿಯ ಮಾರೆಪ್ಪನ ಹೆಂಡತಿ ಗಾಳೆವ್ವ ಹಾವು ಕಚ್ಚಿ ಸತ್ತಳು. ಡೋಲಿಗೆ ಇನ್ನೊಂದು ಹೆಗಲು ಸಿಕ್ಕಿರಲಿಲ್ಲ. ಅದಾಗಿ ಒಂದು ತಿಂಗಳು. ಈಗ ಅವಳ ತಂಗಿ ಹುಲಿಗೆವ್ವನಿಗೆ ದಿನ ತುಂಬಿತ್ತು. ಮಗು ಅಡ್ಡ ತಿರುಗಿದೆ, ಇದು ನನ್ನ ಕೈಲಿ ಆಗದು, ಪೇಟೆಯ ಸೂಲಗಿತ್ತಿಯ ಹತ್ತಿರ ಒಯ್ಯಿರಿ ಎಂದು ಕೇರಿಯ ಮುದುಕಿ ಹೇಳಿಬಿಟ್ಟಳು. ಒಯ್ಯುವವರು ಯಾರು? ಗಂಡಸರೆಲ್ಲ ತಮ್ಮ ತಮ್ಮ ಕೈ ನೋಡಿಕೊಂಡರು.

ಮಾರೆಪ್ಪ ಹೆಗಲ ವಸ್ತ್ರ ಕೊಡವಿದ. ಅರಮನೆಯ ಕಡೆ ನಡೆದ.

ಅವನಿಗಿಂತ ಮುಂಚೆ ಇಬ್ಬರು ನಿಂತಿದ್ದರು. ಒಬ್ಬರು ನ್ಯಾಯ ಓದಿದ ಶಾಸ್ತ್ರಿ. ಇನ್ನೊಬ್ಬ ಪರವೂರಿನಿಂದ ಬಂದ, ರೇಷ್ಮೆ ರುಮಾಲಿನ ವೈದ್ಯ. ದೊರೆ ಮೊದಲನೆಯ ಒಗಟು ಹೇಳಿದ. ಎತ್ತಿಕೊಳ್ಳುವವರೆಗೆ ನಿನ್ನ ಇಷ್ಟ, ಎತ್ತಿದ ಮೇಲೆ ನೆಲಕ್ಕೆ ಇಳಿಸುವಂತಿಲ್ಲ, ಯಾವ ಹೊರೆ ಅದು?

ಶಾಸ್ತ್ರಿ ಕಿರೀಟ ಎಂದರು. ಮಲಗುವಾಗ ಅದನ್ನು ಗೂಟಕ್ಕೆ ಹಾಕುತ್ತೇನೆ ಎಂದ ದೊರೆ. ಶಾಸ್ತ್ರಿಯನ್ನು ಕರೆದೊಯ್ದರು. ವೈದ್ಯ ಬಸಿರು ಎಂದ. ಒಂಬತ್ತು ತಿಂಗಳಿಗೆ ಅದು ತಾನೇ ಇಳಿಯುತ್ತದೆ ಎಂದ ದೊರೆ. ವೈದ್ಯನನ್ನೂ ಕರೆದೊಯ್ದರು.

ಬಾಗಿಲಿನವನು ಮಾರೆಪ್ಪನ ಕಡೆ ವಾಲಿ, "ಶಾಸ್ತ್ರಿಯ ತಲೆಯೇ ನಿಲ್ಲಲಿಲ್ಲ. ನಿನ್ನದಕ್ಕೆ ಕತ್ತಿ ಮಸೆಯೋದೂ ದಂಡ, ಹೋಗಣ್ಣ" ಎಂದ.

ಮಾರೆಪ್ಪ ಮುಂದೆ ಹೋಗಿ ನಿಂತ.

"ಕಾಯಿಲೆಯವರು, ದೊರೆ," ಎಂದ. "ಹೊತ್ತ ಮೇಲೆ ದಾರೀಲಿ ಇಳಿಸಿ ಹೋಗಂಗಿಲ್ಲ. ಕಾಲು ಸೋತರೂ ಇನ್ನೊಬ್ಬನ ಹೆಗಲಿಗೇ ಕೊಡಬೇಕು. ನಮ್ಮಲ್ಲಿ 'ಕೊಟ್ಟೆ' ಅಂತೀವಿ. ಅವನು 'ತಗೊಂಡೆ' ಅನ್ನೋತನಕ ಬಿಡಂಗಿಲ್ಲ."

ದೊರೆ ತಲೆಯಾಡಿಸಿದ. ಎರಡನೆಯದು ಹೇಳಿದ. ಒಂದು ಮನೆ. ಒಡೆಯ ಎಚ್ಚರವಿದ್ದು ಬೇಡ ಎಂದರೆ ಹೊಸ್ತಿಲು ತುಳಿಯುವಂತಿಲ್ಲ. ಅವನು ಮಾತಿಲ್ಲದೆ ಬಿದ್ದಾಗ ಬಾಗಿಲಲ್ಲೇ ನಿಂತವನು ತಪ್ಪಿತಸ್ಥ. ಯಾವ ಮನೆ?

ಮಾರೆಪ್ಪ ಹೆಗಲ ವಸ್ತ್ರ ಕೈಗೆ ತೆಗೆದುಕೊಂಡ.

"ಮೈ," ಎಂದ. "ಮನುಷ್ಯರ ಮೈ. ತಿಂಗಳ ಹಿಂದೆ ನನ್ನ ಹೆಂಡತಿಗೆ ಹಾವು ಕಚ್ಚಿತ್ತು. ಬೆನ್ನ ಮೇಲೆ ಹೊರತೀನಿ ಅಂದೆ. ಬ್ಯಾಡ, ದಾರೀಲಿ ನಾ ಸತ್ತರೆ ನಿನ್ನ ಕೈ ಕಡೀತಾರ ಅಂದಳು. ಎಷ್ಟು ಸಲ ಕೇಳಿದರೂ ಬ್ಯಾಡ ಅಂದಳು. ಅವಳ ಮೈ, ಅವಳ ಮಾತು. ಪಕ್ಕದಲ್ಲೇ ಕೂತೆ. ನಾಲಿಗೆ ಬಿದ್ದ ಮೇಲೆ ಕೇಳಲಿಲ್ಲ, ಎತ್ತಿಕೊಂಡೆ. ಹೊತ್ತು ಮೀರಿತ್ತು. ಬೆನ್ನ ಮೇಲೇ ಹೋದಳು. ಯಾರೂ ನೋಡಲಿಲ್ಲ. ನಾನೇ ಹೇಳ್ತಿದೀನಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಅಪ್ಪಣೆಯ ಪ್ರಕಾರ ಅವನ ಕೈ ಹೋಗಬೇಕು. ದೊರೆ ಅವನ ಕೈ ನೋಡಿದ. ಕಡಿಯಿರಿ ಎನ್ನಲಿಲ್ಲ. ಮೂರನೆಯದನ್ನು ನಿಧಾನವಾಗಿ ಕೇಳಿದ.

"ಒಬ್ಬ ದೀಪ ಹಿಡಿದು ಹೊರಟ. ದಾರಿಯಲ್ಲಿ ದೀಪ ಆರಿತು. ಹಿಡಿದವನ ತಪ್ಪೋ, ಗಾಳಿಯ ತಪ್ಪೋ, ಹೇಗೆ ಅಳೆಯುವುದು?"

"ದೀಪ ನೋಡಿ ಅಳೀಬಾರದು, ದೊರೆ. ಕೈ ನೋಡಿ ಅಳೀಬೇಕು. ತಡಮಾಡಿದನಾ? ಗೊತ್ತಿದ್ದದ್ದು ಮಾಡದೆ ಬಿಟ್ಟನಾ? ಗೊತ್ತಿಲ್ಲದ್ದಕ್ಕೆ ಕೈ ಹಾಕಿದನಾ? ನಡುವೆ ಬಿಟ್ಟು ಓಡಿದನಾ? ಹಾಗಿದ್ದರೆ ತಪ್ಪು ಅವನದು, ಶಿಕ್ಷೆ ಆಗಲಿ. ಇಲ್ಲದಿದ್ದರೆ ಗಾಳೀದು."

ದೊರೆ ಮಂತ್ರಿಯ ಕಡೆ ತಿರುಗಿದ. ರಾಣಿಯನ್ನು ಹೊತ್ತ ಆ ನಾಲ್ವರು ಏನು ಮಾಡಿದ್ದರು ಎಂದು ಕೇಳಿದ. ಇಷ್ಟು ದಿನದಲ್ಲಿ ಅದನ್ನು ಕೇಳಿದ್ದು ಅದೇ ಮೊದಲು. ಮಂತ್ರಿ ನೆಲ ನೋಡುತ್ತ ಹೇಳಿದ. ಎಲ್ಲೂ ನಿಲ್ಲಲಿಲ್ಲ. ಒಬ್ಬನ ಕಾಲಿಗೆ ಮುಳ್ಳು ನೆಟ್ಟಿತ್ತು, ಹಾಗೇ ಓಡಿದ. ರಾಣಿಯ ಉಸಿರು ನಿಂತ ಮೇಲೂ, ವೈದ್ಯ ಬಂದು ತಗೊಂಡೆ ಅನ್ನುವವರೆಗೆ ಹೆಗಲಿಂದ ಇಳಿಸಲಿಲ್ಲ.

"ಹಾಗಾದರೆ ನಾಲ್ಕು ದೀಪ ನಾನೇ ಆರಿಸಿದೆ," ಎಂದ ದೊರೆ.

ಮತ್ತೆ ಮಾರೆಪ್ಪನ ಕಡೆ ತಿರುಗಿದ.

ಏನು ಬೇಕೋ ಕೇಳು, ಹತ್ತು ಊರು ಕೊಡಲೇ ಎಂದ. ಊರು ಬೇಡ, ಡೋಲಿ ಏಳಲಿ ಎಂದ ಮಾರೆಪ್ಪ. ಮಾಡಬೇಕಾದ್ದು ಮಾಡಿದವನ ಕೈಗೆ ಯಾರೂ ಕತ್ತಿ ಹಿಡಿಯಬಾರದು, ಅದನ್ನೂ ಸಾರಿಸಿರಿ ಎಂದ. ದೊರೆ ಒಪ್ಪಿದ. ಒಪ್ಪಿ, ಮೆಲ್ಲಗೆ ಕೇಳಿದ.

"ಇದನ್ನು ತಿಂಗಳ ಹಿಂದೆ ಬಂದು ಹೇಳಬಾರದಿತ್ತೇನಪ್ಪ? ನಿನ್ನ ಹೆಂಡತಿ ಉಳಿಯುತ್ತಿದ್ದಳು."

"ಆಗ ನನಗೆ ಕೈ ಹೋಗುತ್ತೆ ಅನ್ನೋ ಭಯ ಇತ್ತು, ದೊರೆ. ಅವಳಿಗೂ ಇತ್ತು."

ಅಂದು ಸಂಜೆಗೇ ಡೋಲಿ ಎದ್ದಿತು. ಮುಂದಿನ ಹೆಗಲು ಮಾರೆಪ್ಪನದು. ಹುಲಿಗೆವ್ವ ಹೆತ್ತಳು, ತಾಯಿ ಮಗು ಇಬ್ಬರೂ ಉಳಿದರು. ಕೂಸಿಗೆ ಗಾಳೆವ್ವ ಎಂದು ಹೆಸರಿಟ್ಟರು. ಮಾರೆಪ್ಪ ಆ ಹೆಸರು ಹಿಡಿದು ಒಂದು ಸಲವೂ ಕರೆಯಲಿಲ್ಲ.

ದೊರೆ ಅರಮನೆಯಲ್ಲಿ ಒಬ್ಬನೇ. ಮಾರೆಪ್ಪ ಗುಡಿಸಲಲ್ಲಿ ಒಬ್ಬನೇ. ಕತೆ ಕೇಳಿದವರ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಇರಲಿ.