ಹಾಲವ್ವ ಮತ್ತು ಕೃತ್ತಿಕೆ ಕಾಣದ ಸಂಜೆ

ಬಹಳ ಹಿಂದೆ, ಹೊಳೆಗೆ ಇನ್ನೂ ಸೇತುವೆ ಬಾರದಿದ್ದಾಗ, ಒಂದೂರಿನಲ್ಲಿ ಹಾಲವ್ವ ಎಂಬ ಹೆಂಗಸಿದ್ದಳಂತೆ. ಯಾವ ಅರಸನ ಕಾಲ ಎಂದು ಕೇಳಬೇಡಿ. ನನಗೆ ಈ ಕಥೆ ಹೇಳಿದ ಅಜ್ಜಿಗೂ ಅದು ಗೊತ್ತಿರಲಿಲ್ಲ. ಹೊಳೆ ಮಾತ್ರ ಇದೇ ಹೊಳೆ. ಮೆಟ್ಟಿಲು ಇವೇ ಮೆಟ್ಟಿಲು.

ಹಾಲವ್ವ ಕಣ್ಣಿಗೆ ಔಷಧಿ ಹಾಕುತ್ತಿದ್ದಳು. ಹಿತ್ತಲಿನಲ್ಲಿ ಒಂದು ನಂದಿಬಟ್ಟಲ ಗಿಡ, ಒಳಗೆ ಒಂದು ತೇಯುವ ಕಲ್ಲು, ಅವಳ ಆಸ್ತಿ ಅಷ್ಟೇ. ಕಣ್ಣು ಕೆಂಪಾದವರು, ಒಕ್ಕಣೆಯ ಕಸ ಬಿದ್ದವರು, ಪೊರೆ ಬಂದವರು, ಎಲ್ಲರೂ ಅವಳ ಬಾಗಿಲಿಗೆ ಬರುತ್ತಿದ್ದರು. ಅವಳು ಕೂಡಲೇ ಔಷಧಿ ಹಾಕುತ್ತಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಳೆಯ ಮೆಟ್ಟಿಲ ಮೇಲೆ ಕೂರಿಸಿ ಕೃತ್ತಿಕೆಯನ್ನು ತೋರಿಸುತ್ತಿದ್ದಳು. ಎಷ್ಟು ಮಂದಿ ಕಾಣ್ತಾರೆ ಎಂದು ಕೇಳುತ್ತಿದ್ದಳು. ಅವಳಿಗೆ ಅವು ಚುಕ್ಕೆಗಳಲ್ಲ, ಅಕ್ಕಂದಿರು.

ನೀವೂ ನೋಡಿದ್ದೀರಿ. ಮಾಘದ ಸಂಜೆ ನೆತ್ತಿಯ ಮೇಲೆ ಅಕ್ಕಿನುಚ್ಚು ಚೆಲ್ಲಿದ ಹಾಗೆ ಒಂದು ಪುಟ್ಟ ಗೊಂಚಲು. ಕಣ್ಣು ಸರಿಯಿದ್ದವರಿಗೆ ಆರು ಬಿಡಿಬಿಡಿಯಾಗಿ ಕಾಣುತ್ತವೆ. ಕಣ್ಣು ಮಂಜಾದವರಿಗೆ ಒಂದು ಬಿಳಿಯ ಮಸುಕು. ಹಾಲವ್ವನ ಮಗಳು ನೀಲವ್ವನಿಗೆ ಆರಕ್ಕಿಂತ ಹೆಚ್ಚು ಕಾಣುತ್ತಿದ್ದವಂತೆ. ಏಳು ಎನ್ನುವವರಿದ್ದಾರೆ, ಹನ್ನೊಂದು ಎನ್ನುವವರಿದ್ದಾರೆ. ಹೇಳುವವರ ಬಾಯಲ್ಲಿ ಅವು ಹೆಚ್ಚುತ್ತಲೇ ಬಂದಿವೆ. ಹೆಚ್ಚು ಕಾಣುತ್ತಿದ್ದವು ಎಂಬುದಷ್ಟೇ ನಿಜವಿರಬೇಕು.

ಆ ನೀಲವ್ವ ಎಳೆಯ ವಯಸ್ಸಿನಲ್ಲೇ ಜ್ವರ ಬಂದು ಹೋದಳು.

ಆಮೇಲೂ ಹಾಲವ್ವ ಮೆಟ್ಟಿಲಿಗೆ ಬರುವುದನ್ನು ಬಿಡಲಿಲ್ಲ. ಬಂದವರಿಗೆ ಅಕ್ಕಂದಿರ ಸುದ್ದಿ ಹೇಳುತ್ತಿದ್ದಳಂತೆ. ಅವರೆಲ್ಲ ಒಂದೇ ಮೋಡದ ಹೊಟ್ಟೆಯಲ್ಲಿ ಹುಟ್ಟಿದವರು. ಆಕಾಶದ ಲೆಕ್ಕದಲ್ಲಿ ಇನ್ನೂ ಕೂಸುಗಳು. ಸುತ್ತಲೂ ನಮ್ಮ ಕಣ್ಣಿಗೆ ಸಿಗದ ನೂರಾರು ತಂಗಿಯರಿದ್ದಾರೆ. ಈ ಆರು ಮಂದಿಯದು ದೊಡ್ಡ ಮೈ, ದೊಡ್ಡ ಉರಿ, ಅದಕ್ಕೇ ಆ ನೀಲಿ ಬೆಳಕು. ದೊಡ್ಡ ಬತ್ತಿಗೆ ಎಣ್ಣೆ ಬೇಗ ತೀರುತ್ತದೆ. ಮೊದಲು ಹೋಗುವವರು ಅವರೇ, ತಂಗಿಯರು ಬಹಳ ಕಾಲ ಉಳಿಯುತ್ತಾರೆ. ಹೀಗೆಲ್ಲ ಅವಳಿಗೆ ಯಾರು ಹೇಳಿಕೊಟ್ಟರೋ ತಿಳಿಯದು. ಈಗ ದುರ್ಬೀನು ಇಟ್ಟು ನೋಡುವವರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ಆದರೆ ಹಾಲವ್ವ ಆಗ ಬರೀ ಚುಕ್ಕೆಗಳ ಮಾತು ಆಡುತ್ತಿರಲಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು.

ಅದೇ ಊರಿನಲ್ಲಿ ಹರಿಗೋಲು ಹಾಕುವ ಅಂಬಿಗ ದುರುಗಪ್ಪನಿದ್ದ. ಆಚೆ ದಂಡೆಯ ಸಂತೆಗೆ, ಬೀಗರ ಮನೆಗೆ, ಹೆರಿಗೆಗೆ, ಎಲ್ಲದಕ್ಕೂ ಅವನ ಹರಿಗೋಲೇ ಬೇಕು. ಊರಲ್ಲಿ ಒಂದು ಕಟ್ಟಳೆಯಿತ್ತು. ಪ್ರತಿವರ್ಷ ಹೊಳೆ ತುಂಬುವ ಮೊದಲು ಅಂಬಿಗ ಮೆಟ್ಟಿಲ ಮೇಲೆ ಕೂತು ಅಕ್ಕಂದಿರನ್ನು ಎಣಿಸಬೇಕು. ಆರು ಕಾಣದವನ ಕೈಗೆ ಆ ವರ್ಷ ಹುಟ್ಟು ಕೊಡುವ ಹಾಗಿಲ್ಲ.

ಆ ವರ್ಷ ಮಾಘದಲ್ಲಿ ಕರೆದರೆ ದುರುಗಪ್ಪ ಮೊಣಕಾಲು ನೋವು ಎಂದ. ಫಾಲ್ಗುಣದಲ್ಲಿ ಬೀಗರು ಬಂದಿದ್ದಾರೆ ಎಂದ. ಚೈತ್ರದಲ್ಲಿ ಏನೂ ಹೇಳದೆ ಸುಮ್ಮನೆ ಆಚೆ ದಂಡೆಯಲ್ಲೇ ಉಳಿದ. ಚೈತ್ರ ಕಳೆಯುವ ಹೊತ್ತಿಗೆ ಅವನ ಹರಿಗೋಲು ಹಗಲಿನಲ್ಲೇ ಬಂಡೆಗೆ ಬಡಿಯಿತು. ಒಳಗೆ ಬಾಣಂತಿಯೊಬ್ಬಳು ಕೂಸು ಎತ್ತಿಕೊಂಡು ಕೂತಿದ್ದಳು. ಕೂಸು ಉಳಿಯಿತು. ಊರು ಮಾತ್ರ ಸುಮ್ಮನಿರಲಿಲ್ಲ. ಈ ಮಳೆಗಾಲಕ್ಕೆ ಬೇರೆ ಅಂಬಿಗನನ್ನು ಹುಡುಕಬೇಕು ಎಂದರು. ದುರುಗಪ್ಪನಿಗೆ ಬೇರೆ ಕೆಲಸ ಬಾರದು. ಮನೆಯಲ್ಲಿ ಗಂಡ ತೀರಿಕೊಂಡು ತವರಿಗೆ ಬಂದ ಮಗಳು ಹುಲಿಗೆವ್ವ. ಹರಿಗೋಲು ಹೋದರೆ ಇಬ್ಬರ ಗಂಜಿಯೂ ಹೋದಂತೆ.

ಗೌಡರು ಹಾಲವ್ವನ ಬಳಿಗೆ ಬಂದು ನೀನೇ ನೋಡಿ ಹೇಳು ಎಂದರು. ಕೃತ್ತಿಕೆ ಮಳೆ ಶುರುವಾದ ಮೇಲೆ, ಮೋಡವಿಲ್ಲದ ಸಂಜೆ ಕರೆದುಕೊಂಡು ಬನ್ನಿ ಎಂದು ಅವಳು ಹೇಳಿದಳಂತೆ.

ಊರವರು ಮುಖ ಮುಖ ನೋಡಿಕೊಂಡರು. ಹೊಲ ಮಾಡುವವರಿಗೆಲ್ಲ ಗೊತ್ತು, ಕೃತ್ತಿಕೆ ಮಳೆಯ ದಿನಗಳಲ್ಲಿ ಸೂರ್ಯ ಕೃತ್ತಿಕೆಯ ಮನೆಯಲ್ಲೇ ಇರುತ್ತಾನೆ. ಅವನ ಜೊತೆಗೇ ಅವು ಹುಟ್ಟುತ್ತವೆ, ಅವನ ಜೊತೆಗೇ ಮುಳುಗುತ್ತವೆ. ಯಾವ ಕಣ್ಣಿಗೂ ಸಿಗುವುದಿಲ್ಲ. ಮುದುಕಿಗೆ ಅರಳುಮರುಳು ಎಂದು ಕೆಲವರು ಅಂದರು. ಅಂಬಿಗನಿಗೆ ಬಲೆ ಹಾಕಿದ್ದಾಳೆ ಎಂದು ಕೆಲವರು ಅಂದರು.

ಆ ಸಂಜೆ ಮೆಟ್ಟಿಲು ತುಂಬಿತ್ತು. ಹುಲಿಗೆವ್ವ ಅಪ್ಪನ ಕೈ ಹಿಡಿದು ತಂದು ಕೂರಿಸಿದಳು. ಹಾಲವ್ವ ಪಕ್ಕದಲ್ಲಿ ಕೂತಳು.

"ದುರುಗಪ್ಪಾ, ಅಕ್ಕಂದಿರು ಎಷ್ಟು ಮಂದಿ ಕಾಣ್ತಾರಪ್ಪ?"

ದುರುಗಪ್ಪ ಪಡುವಣಕ್ಕೆ ಮುಖ ಎತ್ತಿದ. ಹುಬ್ಬಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ.

"ಆರು ಮಂದಿನೂ ಅದಾರ ಯವ್ವಾ. ಚೆಂದ ಹೊಳ್ಯಾಕತ್ತಾರ."

ಕಂಬಳಿ ನೇಯುವ ಬೀರಪ್ಪ ತಡೆಯಲಾರದೆ, "ಮಾವಾ, ನಮ್ಮ ಪಾಲಿಗೆ ಒಬ್ಬಾಕಿನರ ಬಿಡೋ, ಎಲ್ಲಾರ್ನೂ ನೀನೇ ಇಟಗೊಂಡಿಯಲ್ಲೋ" ಎಂದ. ಮೆಟ್ಟಿಲೆಲ್ಲ ನಕ್ಕಿತು. ಹುಲಿಗೆವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದುರುಗಪ್ಪನಿಗೆ ತಾನು ಮಾಡಿದ ತಪ್ಪು ಆಗ ತಿಳಿಯಿತು. ಅವನು ಆಕಾಶವನ್ನು ನೋಡಿ ಹೇಳಿರಲಿಲ್ಲ, ನೆನಪಿನಿಂದ ಹೇಳಿದ್ದ.

ಹಾಲವ್ವ ನಗಲಿಲ್ಲ.

"ಬೀರಪ್ಪಾ, ನಿನಗೆಷ್ಟು ಕಂಡ್ರು?"

"ಒಬ್ಬಾಕಿನೂ ಇಲ್ಲಬೇ. ಈಗೆಲ್ಲಿ ಕಾಣ್ತಾರ?"

"ಗೌಡ್ರಿಗೆ?"

"ಇಲ್ಲವ್ವ."

"ನನಗೂ ಇಲ್ಲ. ಇಲ್ಲಿ ಕುಂತ ಯಾರಿಗೂ ಇಲ್ಲ. ಕಾಣಂಗಿಲ್ಲ ಅಂತ ಅವರು ಇಲ್ಲೇ ಇಲ್ಲ ಅಂತೀರೇನು? ಅದಾರ ಅಂತ ಇವ ಒಬ್ಬಾವ ಹೇಳಿದ, ಅವಗ ನಗ್ತೀರಿ."

ಆಮೇಲೆ ದುರುಗಪ್ಪ ತಾನಾಗಿಯೇ ಬಾಯಿ ಬಿಟ್ಟ.

"ಮಾಘದಾಗ ನಿಮಗೆಲ್ಲ ಕಂಡಾಗನೂ ನನಗ ಕಂಡಿಲ್ಲ ಯವ್ವಾ. ಹೇಳಾಕ ನಾಚಿಕಿ ಬಂತು. ಇವತ್ತು ಯಾರಿಗೂ ಕಾಣವಲ್ದು, ಅದಕ್ಕ ಹೇಳಾಕತ್ತೀನಿ."

ಅಂದಮೇಲೆ ಅದು ಬಲೆಯಲ್ಲ. ಮಾಘದಲ್ಲಿ ಕೂರಿಸಿದ್ದರೆ ಅಷ್ಟು ಜನರ ನಡುವೆ ಕಾಣದವನು ಅವನೊಬ್ಬನೇ ಆಗುತ್ತಿದ್ದ. ಅದಕ್ಕೇ ಹಾಲವ್ವ ಯಾರಿಗೂ ಕಾಣದ ಸಂಜೆಯನ್ನು ಆರಿಸಿಕೊಂಡಿದ್ದಳು.

ಆಮೇಲೆ ಅವನಿಗೆ ಕಣ್ಣು ಬಂತು ಎಂದು ಹೇಳುತ್ತಾರೆ. ನಂದಿಬಟ್ಟಲ ರಸಕ್ಕೆ ಪೊರೆ ಕಳಚಿ ಬಿತ್ತು ಎಂದು ಹೇಳುತ್ತಾರೆ. ಅಜ್ಜಿ ಅದನ್ನು ಒಪ್ಪುತ್ತಿರಲಿಲ್ಲ. ಕಣ್ಣು ಬರಲಿಲ್ಲ. ಆದದ್ದು ಇಷ್ಟು. ಅವನ ಕೈಗೆ ಹೊಳೆ ಗೊತ್ತು, ಕಣ್ಣೊಂದು ಬೇಕು, ಅದು ಅವನ ಮನೆಯಲ್ಲೇ ಇದೆ ಎಂದು ಹಾಲವ್ವ ಗೌಡರಿಗೆ ಹೇಳಿದಳು. ಹೆಣ್ಣುಮಗಳು ಹರಿಗೋಲಿನಲ್ಲಿ ಕೂತು ದಾರಿ ಹೇಳುವುದೇ ಎಂದು ಒಂದಷ್ಟು ಗೊಣಗಾಟವಾಯಿತು. ಆ ಮಳೆಗಾಲ ಹುಲಿಗೆವ್ವ ಮುಂದೆ ಕೂತು "ಎಡಕ್ಕ ಬಂಡೆಗಲ್ಲು ಅಪ್ಪಾ, ಈಗ ಸುಳಿ" ಎನ್ನುತ್ತಿದ್ದಳು, ದುರುಗಪ್ಪ ಹುಟ್ಟು ಹಾಕುತ್ತಿದ್ದ. ಮೊದಲ ದಿನ ಹತ್ತಿದವಳು ಅದೇ ಬಾಣಂತಿ, ಅದೇ ಕೂಸನ್ನು ಎತ್ತಿಕೊಂಡು. ಅವರ ಕೈಯಲ್ಲಿ ಒಂದು ಜೀವವೂ ಹೊಳೆಪಾಲಾಗಲಿಲ್ಲವಂತೆ.

ಹಾಲವ್ವ ಯಾವಾಗ ತೀರಿಕೊಂಡಳೋ ಗೊತ್ತಿಲ್ಲ. ಅವಳ ಗುಡಿ ಇಲ್ಲ, ಕಲ್ಲು ಇಲ್ಲ. ಈಗ ಸೇತುವೆಯೂ ಬಂದಿದೆ, ಹರಿಗೋಲು ಬೇಕಿಲ್ಲ. ಆದರೂ ಪ್ರತಿವರ್ಷ ಕೃತ್ತಿಕೆ ಮಳೆಯಲ್ಲಿ, ಮೋಡವಿಲ್ಲದ ಒಂದು ಸಂಜೆ, ಊರವರು ಈ ಮೆಟ್ಟಿಲ ಮೇಲೆ ಪಡುವಣಕ್ಕೆ ಮುಖ ಮಾಡಿ ಕೂರುತ್ತಾರೆ. ಅಕ್ಕಂದಿರು ಹೊಳೆಯುವ ಮಾಘದಲ್ಲಲ್ಲ, ಕಾಣದ ಈ ದಿನಗಳಲ್ಲೇ. ಆ ವರ್ಷ ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡವರಿಗೆ ಮೇಲಿನ ಮೆಟ್ಟಿಲು ಬಿಡುತ್ತಾರೆ. ಅವರ ಕೈಗೆ ಒಂದು ನಂದಿಬಟ್ಟಲ ಹೂ ಕೊಡುತ್ತಾರೆ. ಹಿರಿಯರೊಬ್ಬರು ಮೊದಲು ಅವರನ್ನೇ ಕೇಳುತ್ತಾರೆ, ಎಷ್ಟು ಮಂದಿ ಕಾಣ್ತಾರವ್ವ, ಎಷ್ಟು ಮಂದಿ ಕಾಣ್ತಾರಪ್ಪ ಎಂದು.

ಅವರು ಬರಿಯ ಆಕಾಶವನ್ನು ನೋಡಿ ಹೇಳುತ್ತಾರೆ.

"ಕಾಣಂಗಿಲ್ಲ. ಅದಾರ."