ಕುಡಿಯದೆ ಉಳಿದ ಕಷಾಯ

“ಗುರುಗಳೇ, ಒಂದು ಕಾಲೇಜಿನ ಜನರ ನಡುವೆ ನಾನು ಹೊಂದುತ್ತೇನೋ ಇಲ್ಲವೋ ಎಂದು ಸೇರುವ ಮೊದಲೇ ತಿಳಿಯುವುದು ಹೇಗೆ?”

ಕೇಳಿದವಳು ಶಿಷ್ಯೆ ಮಂದಾಕಿನಿ. ಎರಡು ಕಾಲೇಜುಗಳಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಎರಡನ್ನೂ ನೋಡಿ ಬಂದಿದ್ದಳು. ಮರುದಿನ ಒಂದನ್ನು ಆರಿಸಬೇಕಿತ್ತು.

“ಏನು ನೋಡಿದೆ, ಹೇಳು,” ಎಂದರು ಗುರುಗಳು.

“ಮೊದಲನೆಯದು ಬಹಳ ಚೆನ್ನಾಗಿದೆ. ಎಲ್ಲರೂ ಕುಣಿಯುತ್ತಾರೆ, ನಗಿಸುತ್ತಾರೆ. ನನ್ನನ್ನೂ ಎಳೆದುಕೊಂಡು ಕುಣಿಸಿದರು. ಅಷ್ಟೇ. ಎರಡನೆಯದರಲ್ಲಿ ವಿಶೇಷವೇನಿಲ್ಲ. ಮೆಸ್ಸಿನಲ್ಲಿ ಒಬ್ಬಳು ಸರಿದು ಜಾಗ ಕೊಟ್ಟಳು. ಸಾರಿಗೆ ಉಪ್ಪಿಲ್ಲ ಅಂತ ಇಬ್ಬರೂ ಒಟ್ಟಿಗೇ ಅಂದೆವು. ಆಮೇಲೆ ಅವಳು ಅಂಗಳದ ಪಾರಿವಾಳಗಳನ್ನು ತೋರಿಸಿದಳು. ಒಂದಕ್ಕೆ ಪ್ರಿನ್ಸಿಪಾಲರು ಅಂತ ಹೆಸರು, ಎದೆಯುಬ್ಬಿಸಿ ನಡೆಯುತ್ತೆ. ಅಷ್ಟರಲ್ಲಿ ಇನ್ನೊಬ್ಬಳು ಬಂದು...” ಮಂದಾಕಿನಿ ಅಲ್ಲಿಗೇ ಮಾತು ನಿಲ್ಲಿಸಿದಳು. “ಅದಿರಲಿ. ಮನೆಯಲ್ಲಿ ಎಲ್ಲರೂ ಮೊದಲನೆಯದೇ ಎನ್ನುತ್ತಾರೆ. ಅಲ್ಲಿಂದ ಬಂದ ದಿನ ನಾನು ಯಾರೊಡನೆಯೂ ಮಾತಾಡದೆ ಮಲಗಿಬಿಟ್ಟೆ. ಕೊರತೆ ನನ್ನಲ್ಲೇ ಇರಬೇಕು.”

ಗುರುಗಳು ಕತೆ ಹೇಳಿದರು.

ಒಬ್ಬ ಹಾಡುಗಾರ ಹೊಸ ಊರಿಗೆ ಬಂದ. ಅಲ್ಲಿ ಎರಡು ಭಜನಾ ಮಂಡಳಿಗಳಿದ್ದವು, ಪೇಟೆ ಬೀದಿಯಲ್ಲೊಂದು, ಕೆರೆ ಬೀದಿಯಲ್ಲೊಂದು. ಪೇಟೆ ಬೀದಿಯವರು ಅವನನ್ನು ಕರೆದು ನಟ್ಟನಡುವೆ ಕೂರಿಸಿದರು. ಅವರದು ಏರು ಶ್ರುತಿ. ಹಿರಿಯರ ಕಾಲದಿಂದಲೂ ಅದನ್ನು ಇಳಿಸಿದವರಲ್ಲ. ಹಾಡು ಸೊಗಸಾಗಿತ್ತು. ಅವನೂ ಕತ್ತು ನಿಗುರಿಸಿ ಹಾಡಿದ. ಮನೆಗೆ ಬಂದು ಮೆಣಸಿನ ಕಷಾಯ ಕುಡಿದ. ಮರುವಾರವೂ ಹೋದ, ಮರುವಾರವೂ ಕಷಾಯವೇ ಗತಿಯಾಯಿತು.

“ನನ್ನ ಗಂಟಲು ಕೆಟ್ಟಿತು ಕಣೇ. ಇನ್ನು ಹಾಡುವುದನ್ನೇ ಬಿಡುತ್ತೇನೆ,” ಎಂದ ಹೆಂಡತಿಗೆ.

“ಬಿಡುವವರು ಕೆರೆ ಬೀದಿಗೂ ಒಮ್ಮೆ ಹೋಗಿ ಬಂದು ಆಮೇಲೆ ಬಿಡಿ. ಕಷಾಯ ಕುದಿಸಿಯೇ ಇಟ್ಟಿರುತ್ತೇನೆ.”

ಕೆರೆ ಬೀದಿಯಲ್ಲಿ ಯಾರೂ ಎದ್ದು ಬರಮಾಡಿಕೊಳ್ಳಲಿಲ್ಲ. ಅವನು ಚಾಪೆಯ ತುದಿಯಲ್ಲಿ ಕುಳಿತ. ಸ್ವಲ್ಪ ಹೊತ್ತಿಗೆ ಹಾರ್ಮೋನಿಯಂ ನುಡಿಸುತ್ತಿದ್ದ ಮುದುಕ ಅವನತ್ತ ತಿರುಗಿ, “ಒಂದು ಸಲ ಗುನುಗಿ ಯಜಮಾನ್ರೇ, ನಿಮ್ಮ ಶ್ರುತಿ ಹುಡುಕ್ತೀನಿ,” ಎಂದ. ಹಾಡುಗಾರ ಗುನುಗಿದ. ಮುದುಕನ ಬೆರಳು ಇದ್ದಲ್ಲಿಂದ ಸರಿಯಲೇ ಇಲ್ಲ.

“ನಮ್ಮದೂ ಇದೇ ಶ್ರುತಿ, ಹುಡುಕೋ ಕೆಲಸ ತಪ್ಪಿತು,” ಎಂದು ನಕ್ಕು ಮುದುಕ ಹಾಡಿಗೆ ತೊಡಗಿದ.

ಆ ದಿನ ಮನೆಯ ಹೊಸಿಲು ದಾಟುವಾಗಲೂ ಹಾಡುಗಾರನ ಗುನುಗು ನಿಂತಿರಲಿಲ್ಲ. ಹೆಂಡತಿ ಕಷಾಯವನ್ನು ಹಿತ್ತಲಿಗೆ ಒಯ್ದು ಗಿಡದ ಬುಡಕ್ಕೆ ಸುರಿದಳು.

ಕತೆ ಮುಗಿಯಿತು. ಗಂಟಲು ಕೆಟ್ಟಿರಲಿಲ್ಲ ಎಂದು ತಿಳಿದು, ತನ್ನದೇ ಗಂಟಲೇನೋ ಎಂಬಂತೆ ಮಂದಾಕಿನಿ ನಿರಾಳವಾಗಿ ಉಸಿರು ಬಿಟ್ಟಳು. ಆದರೂ ಸುಮ್ಮನಾಗಲಿಲ್ಲ.

“ಅವನಿಗಾದರೆ ಗಂಟಲೇ ಹೇಳಿತು. ನನಗೆ ಹೇಳುವವರು ಯಾರು, ಗುರುಗಳೇ?”

“ಮೊದಲನೆಯ ಕಾಲೇಜನ್ನು ‘ಅಷ್ಟೇ’ ಎಂದು ನೀನೇ ಮುಗಿಸಿದೆ ಮಗಳೇ, ಎರಡನೆಯದರಲ್ಲಿ ಆ ಇನ್ನೊಬ್ಬಳು ಬಂದು ಏನು ಮಾಡಿದಳೆಂದು ನೀನು ಹೇಳುವುದು ಇನ್ನೂ ಬಾಕಿ ಇದೆ.”