ಗೌಡರ ಪಾಲಿನ ಹುಳ

ಸಂಗನಗೌಡರ ತೊಗರಿ ಹೊಲವನ್ನು ಬಾಳವ್ವ ಪಾಲಿಗೆ ಮಾಡುತ್ತಿದ್ದಳು. ಆ ವರ್ಷ ಕಾಯಿಗೆ ಹುಳ ಬಿತ್ತು.

ಗೌಡರು ಮೀಸೆ ತಿರುವಿದರು. "ಹುಳ ತಿಂದದ್ದೆಲ್ಲಾ ನಿನ್ನ ಪಾಲಿನಾಗ ಹಿಡಿ. ಹೊಲದಾಗ ಏನೇ ಇರಲಿ, ಅರ್ಧ ನಂದು!"

ಬಾಳವ್ವ ಗಿಡದ ಬುಡಕ್ಕೆ ಹಳೇ ಚಾದರ ಹಾಸಿ, ಗಿಡ ಬಗ್ಗಿಸಿ ಝಾಡಿಸಿದಳು. ಹಸಿರು ಹುಳ ಪಟಪಟ ಉದುರಿದವು. ಬುಟ್ಟಿ ತುಂಬಿಕೊಂಡು ಬಂದು ಗೌಡರು ಕೂತಿದ್ದ ಜಮಖಾನದ ಮೇಲೆ ಸುರಿದಳು.

"ಏನಿದು?"

"ನಿಮ್ಮ ಅರ್ಧಾರೀ. ನನ್ನ ಅರ್ಧ ಮನ್ಯಾಗ ಕೋಳಿ ತಿನ್ನಾಕ ಹತ್ಯಾವ."

ಗೌಡರು ಕಾಲು ಮೇಲೆತ್ತಿಕೊಂಡರು. ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಹುಳ ನನ್ನವಲ್ಲ ಅಂದರೆ ಹೊಲದಲ್ಲಿ ಅರ್ಧ ತನ್ನದೆಂಬ ಮಾತು ಸುಳ್ಳಾಯಿತು. ನನ್ನವೇ ಅಂದರೆ ಅವು ತಿಂದದ್ದೂ ತನ್ನ ತಲೆಗೇ ಬಂತು. ಹಂಗಾದ್ರ ಇವು ತಿಂದದ್ದು ಯಾರ ತೊಗರಿ? ಲೆಕ್ಕ ಹತ್ತುವ ಮೊದಲೇ ಒಂದು ಹುಳ ಧೋತರ ಹತ್ತಿತು.

"ಲುಕ್ಸಾನು ಇಬ್ಬರದೂ ಹೌದು, ನಮ್ಮವ್ವ! ಮೊದಲು ಇವನ್ನ ತಗಿ!"

ಬಾಳವ್ವ ನಿಧಾನಕ್ಕೆ ಆರಿಸತೊಡಗಿದಳು. "ಇವನ್ನೂ ನಮ್ಮ ಕೋಳಿಗೇ ಹಾಕ್ತೀನ್ರಿ. ಆದ್ರ ನಾಳೆ ತತ್ತಿಯೊಳಗ ಅರ್ಧ ಕೇಳಬ್ಯಾಡ್ರಿ ಮತ್ತ. ಕೋಳಿ ಹೊಲದಾಗ ಬೆಳೆದದ್ದಲ್ಲ."